ನಾರು, ಕರುಳು ಮತ್ತು ನಮ್ಮ ಹೊಲ

(ಚುಂಚನಕಟ್ಟೆಯಲ್ಲಿ ದನಗಳ ಜಾತ್ರೆಯ ಸಂದರ್ಭದಲ್ಲಿ ರೈತರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಈ ಸಭೆಗೆ ಬರುವ ಮುನ್ನ ಜಾತ್ರೆಯ ಮಾಳದಲ್ಲಿ ಒಂದು ಸುತ್ತು ಹಾಕಿ ಬಂದೆ. ಹಳ್ಳಿಕಾರ್ ಹೋರಿಯೊಂದನ್ನು ಕೊಳ್ಳಲು ಬಂದಿದ್ದ ಹಿರಿಯ ರೈತರೊಬ್ಬರು ಅದರ ಹಲ್ಲು ನೋಡಿದರು, ಸುಳಿ ನೋಡಿದರು, ಗೊರಸು ನೋಡಿದರು. ಕಡೆಗೆ ಹಿಂಬದಿಗೆ ಹೋಗಿ ಸಗಣಿಯನ್ನೂ ನೋಡಿದರು. ಕಾರಣವೇನೆಂದು ಕೇಳಿದೆ. "ಮೇವು ಮೈಗೆ ಹತ್ತುತ್ತಿದೆಯೋ ಇಲ್ಲವೋ ಅಂತ ಮಾರುವವನು ಹೇಳೋದಿಲ್ಲ ಸ್ವಾಮಿ, ಸಗಣಿ ಹೇಳುತ್ತೆ" ಎಂದರು. ಆ ಮಾತೇ ನನ್ನ ಇಂದಿನ ಉಪನ್ಯಾಸಕ್ಕೆ ಪೀಠಿಕೆ. ದನದ ಹೊಟ್ಟೆಯ ವಿಷಯದಲ್ಲಿ ನಮ್ಮ ರೈತನಿಗೆ ಇರುವ ತಿಳಿವಳಿಕೆ ಅಪಾರವಾದುದು. ತನ್ನ ಹೊಟ್ಟೆಯ ವಿಷಯಕ್ಕೆ ಬಂದಾಗ ಅವನೂ ನಾವೂ ಅಷ್ಟು ಕುತೂಹಲ ತೋರುವುದಿಲ್ಲ. ನಾಚಿಕೆಯೂ ಅದಕ್ಕೆ ಒಂದು ಕಾರಣವಿರಬಹುದು. ಇಂದು ಆ ನಾಚಿಕೆಯನ್ನು ಸ್ವಲ್ಪ ಹೊತ್ತು ಬದಿಗಿಡೋಣ.

ಎತ್ತಿನಿಂದಲೇ ಆರಂಭಿಸುತ್ತೇನೆ. ಒಣಹುಲ್ಲು ಎಂದರೆ ಬಹುಪಾಲು ನಾರು. ಆ ನಾರಿನ ಮುಖ್ಯ ವಸ್ತು ಸೆಲ್ಯುಲೋಸ್. ಅದನ್ನು ಒಡೆಯಬಲ್ಲ ಕಿಣ್ವವನ್ನು ಎತ್ತಿನ ದೇಹ ತಾನಾಗಿ ತಯಾರಿಸಲಾರದು. ಹಾಗಿದ್ದೂ ಹುಲ್ಲು ತಿಂದ ಎತ್ತು ದಿನವಿಡೀ ಉಳುತ್ತದೆ. ಇದು ಹೇಗೆ? ಎತ್ತಿನ ಮೊದಲ ಹೊಟ್ಟೆ, ಅಂದರೆ ಮೆಲುಕು ಚೀಲ, ಒಂದು ದೊಡ್ಡ ಹುದುಗುವ ಗುಡಾಣ. ದೊಡ್ಡ ಜಾತಿಯ ದನಗಳಲ್ಲಿ ಅದು ನೂರು ಲೀಟರಿಗೂ ಹೆಚ್ಚು ಹಿಡಿಯುತ್ತದೆ. ಬೆಳಕಿಲ್ಲದ, ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆಯಿರುವ ಆ ಬೆಚ್ಚನೆಯ ಗುಡಾಣದಲ್ಲಿ ಕೋಟಿ ಕೋಟಿ ಬ್ಯಾಕ್ಟೀರಿಯಾಗಳು ಹುಲ್ಲಿನ ನಾರನ್ನು ಕಡಿದು ಹುಳಿ ಬರಿಸುತ್ತವೆ. ಹುಳಿ ಎಂದರೆ ಆಮ್ಲ. ಅಸಿಟಿಕ್, ಪ್ರೊಪಿಯೋನಿಕ್, ಬ್ಯುಟಿರಿಕ್ ಎಂಬ ಮೂರು ಆಮ್ಲಗಳು ಮುಖ್ಯವಾಗಿ ಅಲ್ಲಿ ಹುಟ್ಟುತ್ತವೆ. ಎತ್ತಿಗೆ ದೊರೆಯುವ ಶಕ್ತಿಯಲ್ಲಿ ಶೇಕಡಾ 70ರಷ್ಟು ಈ ಆಮ್ಲಗಳಿಂದಲೇ ಬರುತ್ತದೆ. ಗಾಡಿಯನ್ನು ಎಳೆಯುವುದು ಎತ್ತು; ಎತ್ತಿಗೆ ಉಣ್ಣಿಸುವುದು ಕಣ್ಣಿಗೆ ಕಾಣದ ಜೀವಿಗಳು.

ನಮ್ಮಲ್ಲಿಯೂ ಇಂಥದೊಂದು ಗುಡಾಣವಿದೆ. ಪ್ರಕೃತಿ ಅದನ್ನು ಊಟದ ದಾರಿಯ ಕೊನೆಯಲ್ಲಿ ಇಟ್ಟಿದೆ, ಅಷ್ಟೇ ವ್ಯತ್ಯಾಸ. ಅದು ನಮ್ಮ ದೊಡ್ಡ ಕರುಳು, ಸುಮಾರು ಒಂದೂವರೆ ಮೀಟರ್ ಉದ್ದದ ಕೊಳವೆ. ಎತ್ತು ಮೊದಲು ಹುದುಗಿಸಿ ಆಮೇಲೆ ಜೀರ್ಣಿಸಿಕೊಳ್ಳುತ್ತದೆ. ನಾವು ಮೊದಲು ಜೀರ್ಣಿಸಿಕೊಂಡು, ನಮ್ಮಿಂದಾಗದೆ ಉಳಿದುದನ್ನು ಹುದುಗಿಸುತ್ತೇವೆ. ಆದ್ದರಿಂದ ನಾವು ಹುಲ್ಲು ತಿಂದು ಬದುಕಲಾರೆವು. ಈ ಹುದುಗಿನಿಂದ ನಮಗೆ ದೊರೆಯುವ ಶಕ್ತಿ ಶೇಕಡಾ 5ರಿಂದ 10ರಷ್ಟು ಮಾತ್ರ. ಲೆಕ್ಕ ಚಿಕ್ಕದೆಂದು ಅದನ್ನು ಕಡೆಗಣಿಸುವಂತಿಲ್ಲ. ಏಕೆಂಬುದನ್ನು ಮುಂದೆ ಹೇಳುತ್ತೇನೆ.

ಮೊದಲು ನಾರು ಎಂದರೇನು ನೋಡೋಣ. ಅನ್ನದ ಪಿಷ್ಟ ಮತ್ತು ಹುಲ್ಲಿನ ಸೆಲ್ಯುಲೋಸ್ ಎರಡೂ ಗ್ಲೂಕೋಸ್ ಎಂಬ ಒಂದೇ ಸಕ್ಕರೆಯ ಸರಪಳಿಗಳು. ಕೊಂಡಿ ಕೂಡಿಕೊಂಡಿರುವ ಬಗೆ ಮಾತ್ರ ಬೇರೆ. ಪಿಷ್ಟದ ಕೊಂಡಿಯನ್ನು ಬಿಚ್ಚುವ ಕಿಣ್ವ ನಮ್ಮ ಎಂಜಲಿನಲ್ಲಿಯೇ ಇದೆ; ಸೆಲ್ಯುಲೋಸಿನ ಕೊಂಡಿಗೆ ನಮ್ಮ ದೇಹದಲ್ಲಿ ಎಲ್ಲಿಯೂ ಕೀಲಿಕೈ ಇಲ್ಲ. ಹಣ್ಣಿನ ಪೆಕ್ಟಿನ್, ಧಾನ್ಯಗಳ ಸಿಪ್ಪೆಯಲ್ಲಿರುವ ಹೆಮಿಸೆಲ್ಯುಲೋಸ್, ಈರುಳ್ಳಿ ಬೆಳ್ಳುಳ್ಳಿಗಳಲ್ಲಿರುವ ಇನ್ಯುಲಿನ್ ಜಾತಿಯ ಸಕ್ಕರೆಗಳು, ಇವುಗಳ ಕಥೆಯೂ ಹಾಗೆಯೇ. ಆಹಾರದ ಪಿಷ್ಟ ಸಕ್ಕರೆಗಳನ್ನು ಒಡೆಯಲು ಮನುಷ್ಯನ ವಂಶವಾಹಿಗಳಲ್ಲಿ ಇರುವ ಕಿಣ್ವಗಳು ಹೆಚ್ಚೆಂದರೆ 17. ನಮ್ಮ ಕರುಳಿನಲ್ಲಿ ವಾಸಿಸುವ ಬ್ಯಾಕ್ಟಿರಾಯ್ಡಿಸ್ ಥೀಟಾಅಯೋಟಾಮೈಕ್ರಾನ್ ಎಂಬ ಒಂದೇ ಬ್ಯಾಕ್ಟೀರಿಯಾದಲ್ಲಿ (ಅದರ ಹೆಸರನ್ನು ಉಚ್ಚರಿಸುವುದೇ ಅದನ್ನು ಸಾಕುವುದಕ್ಕಿಂತ ಕಷ್ಟ) ಇಂಥ ಕಿಣ್ವಗಳು 260ಕ್ಕೂ ಹೆಚ್ಚು. ಇಂಥ ನೂರಾರು ಜಾತಿಗಳು ನಮ್ಮೊಳಗಿವೆ. ಅವುಗಳ ಒಟ್ಟು ಸಂಖ್ಯೆ ಸುಮಾರು 38 ಲಕ್ಷ ಕೋಟಿ ಎಂದು 2016ರಲ್ಲಿ ವಿಜ್ಞಾನಿಗಳು ಅಂದಾಜು ಮಾಡಿದರು. ನಮ್ಮ ದೇಹದ ಸ್ವಂತ ಜೀವಕೋಶಗಳು 30 ಲಕ್ಷ ಕೋಟಿ. ತೂಕದಲ್ಲಿ ಮಾತ್ರ ಈ ಅತಿಥಿಗಳು ಎಲ್ಲ ಸೇರಿ ಒಂದು ಪಾವು ಕಿಲೋ ಕೂಡ ಆಗುವುದಿಲ್ಲ.

ಒಂದು ಮುದ್ದೆಯ ದಾರಿಯನ್ನು ಹಿಂಬಾಲಿಸೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದಂತೆ ನೂರು ಗ್ರಾಂ ರಾಗಿಯಲ್ಲಿ 11 ಗ್ರಾಂಗೂ ಹೆಚ್ಚು ನಾರಿದೆ. ಪಾಲಿಷ್ ಮಾಡಿದ ನೂರು ಗ್ರಾಂ ಅಕ್ಕಿಯಲ್ಲಿ 3 ಗ್ರಾಂಗಿಂತ ಕಡಿಮೆ. ನಮ್ಮವರು ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತಾರೆ. ಅದು ಜಠರ ದಾಟಿ ಸಣ್ಣ ಕರುಳಿಗೆ ಬಂದಾಗ ಪಿಷ್ಟದ ಬಹುಭಾಗ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ಉಂಡ ಐದಾರು ಗಂಟೆಗಳ ನಂತರ ಉಳಿದ ನಾರು, ಒಡೆಯದೆ ಉಳಿದ ಸ್ವಲ್ಪ ಪಿಷ್ಟ, ಬಸ್ಸಾರಿನ ಸೊಪ್ಪಿನ ದಂಟು, ಅವರೆಯ ಸಿಪ್ಪೆ ಎಲ್ಲವೂ ದೊಡ್ಡ ಕರುಳಿನ ಬಾಗಿಲಿಗೆ ಬರುತ್ತವೆ. ಮುಂದೆ ಒಂದು ದಿನ, ಕೆಲವೊಮ್ಮೆ ಎರಡು ದಿನ ಅವುಗಳ ವಾಸ ಅಲ್ಲಿಯೇ.

ಅಲ್ಲಿ ನಡೆಯುವುದು ಒಂಟಿ ಆಳಿನ ಕೆಲಸವಲ್ಲ, ಮುಯ್ಯಾಳಿನ ಕೆಲಸ. ಕೆಲವು ಬ್ಯಾಕ್ಟೀರಿಯಾಗಳು ನಾರಿನ ಮೇಲೆ ಅಂಟಿಕೊಂಡು ಅದನ್ನು ಮೊದಲು ಸೀಳುತ್ತವೆ. ಸೀಳಿದಾಗ ಚೆಲ್ಲುವ ಸಕ್ಕರೆಯ ಚೂರುಗಳನ್ನು ಬೇರೆ ಜಾತಿಗಳು ಆಯ್ದುಕೊಳ್ಳುತ್ತವೆ. ಅವು ಬಿಟ್ಟ ಅಸಿಟಿಕ್ ಆಮ್ಲವನ್ನು ಮತ್ತೊಂದು ಗುಂಪು ಬಳಸಿ ಬ್ಯುಟಿರಿಕ್ ಆಮ್ಲ ಮಾಡುತ್ತದೆ. ಹೊಮ್ಮಿದ ಜಲಜನಕವನ್ನು ತಿಂದು ಬದುಕುವ ಜೀವಿಗಳೂ ಇವೆ. ಮೊದಲು ಸೀಳುವವನು ಬಾರದಿದ್ದರೆ ಉಳಿದವರೆಲ್ಲ ಕೆಲಸವಿಲ್ಲದೆ ಕೂರುತ್ತಾರೆ. ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿರುವ ರೋವೆಟ್ ಸಂಸ್ಥೆಯ ವಿಜ್ಞಾನಿಗಳು 2012ರಲ್ಲಿ ಇದನ್ನು ಸ್ಪಷ್ಟವಾಗಿ ತೋರಿಸಿದರು. ಸುಲಭವಾಗಿ ಒಡೆಯದ ಪಿಷ್ಟವನ್ನು ರೂಮಿನೋಕಾಕಸ್ ಬ್ರೋಮಿ ಎಂಬ ಒಂದು ಜಾತಿ ಇಲ್ಲದವರ ಕರುಳು ಸರಿಯಾಗಿ ಹುದುಗಿಸಲಾರದು. ಆ ಒಂದು ಜಾತಿಯನ್ನು ಸೇರಿಸಿದೊಡನೆ ಕೆಲಸ ನಡೆಯುತ್ತದೆ. ಕಮಾನಿನ ನಡುವಿನ ಒಂದು ಕಲ್ಲು ಕಿತ್ತರೆ ಇಡೀ ಕಮಾನು ಕುಸಿಯುವಂತೆ. ಕಾಡಿನ ವಿಷಯದಲ್ಲಿ ನಾವು ಪದೇ ಪದೇ ಹೇಳುವ ಮಾತು ಕರುಳಿಗೂ ಹೊಂದುತ್ತದೆಂಬುದು ನನಗೆ ತಿಳಿದಾಗ ಆಶ್ಚರ್ಯವೇನೂ ಆಗಲಿಲ್ಲ. ಇಷ್ಟು ತಡವಾಗಿ ತಿಳಿಯಿತಲ್ಲ ಎಂಬ ಖೇದವಾಯಿತು.

ಇನ್ನು ಆ ಶೇಕಡಾ 5ರಿಂದ 10ರ ಮಾತು. ಮೂರು ಆಮ್ಲಗಳಲ್ಲಿ ಬ್ಯುಟಿರಿಕ್ ಆಮ್ಲ ಪ್ರಮಾಣದಲ್ಲಿ ದೊಡ್ಡದಲ್ಲ, ಐದರಲ್ಲಿ ಒಂದು ಭಾಗ. ಕಮಟು ಹಿಡಿದ ಬೆಣ್ಣೆಯ ವಾಸನೆ ಈ ಆಮ್ಲದ್ದೇ. ಅದರ ಹೆಸರು ಬಂದಿರುವುದೂ ಬೆಣ್ಣೆಯಿಂದ. ದೊಡ್ಡ ಕರುಳಿನ ಒಳಗೋಡೆಯ ಜೀವಕೋಶಗಳಿಗೆ ಇದೇ ಮುಖ್ಯ ಆಹಾರ ಎಂಬುದನ್ನು ರೋಡಿಗರ್ ಎಂಬ ವೈದ್ಯ ವಿಜ್ಞಾನಿ 1980ರಲ್ಲಿ ತೋರಿಸಿದರು. ದೇಹದ ಇತರ ಕೋಶಗಳು ರಕ್ತದ ಸಕ್ಕರೆಯಿಂದ ಬದುಕಿದರೆ, ಕರುಳಿನ ಗೋಡೆ ತನ್ನ ಪಕ್ಕದಲ್ಲಿಯೇ ನಡೆಯುವ ಹುದುಗಿನಿಂದ ಅರ್ಧಕ್ಕಿಂತ ಹೆಚ್ಚು ಶಕ್ತಿಯನ್ನು ಪಡೆಯುತ್ತದೆ. ಆ ಗೋಡೆ ಬಿಗಿಯಾಗಿರಬೇಕು. ಅದರ ಮೇಲಿನ ಲೋಳೆಯ ಪದರ ದಪ್ಪವಾಗಿರಬೇಕು. ನಾರು ಬಾರದಿದ್ದರೆ ಬ್ಯಾಕ್ಟೀರಿಯಾಗಳು ಉಪವಾಸ ಬೀಳುತ್ತವೆ. ಉಪವಾಸ ಬಿದ್ದವು ಸುಮ್ಮನಿರುವುದಿಲ್ಲ; ಅವುಗಳಲ್ಲಿ ಕೆಲವು ಆ ಲೋಳೆಯನ್ನೇ ತಿನ್ನತೊಡಗುತ್ತವೆ. 2016ರಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗದಲ್ಲಿ ನಾರಿಲ್ಲದ ಆಹಾರ ಕೊಟ್ಟಾಗ ಲೋಳೆಯ ಪದರ ತೆಳುವಾಗಿ, ರೋಗಾಣುಗಳು ಗೋಡೆಯನ್ನು ಮುಟ್ಟಲು ದಾರಿಯಾದುದು ಕಂಡುಬಂತು. ಮೇವಿಲ್ಲದ ದನ ಬೇಲಿಯನ್ನು ಮೇಯುವ ಹಾಗೆ.

ಗಾಳಿಯ ಮಾತೂ ಬರಬೇಕಲ್ಲ! ಸಂಕ್ರಾಂತಿಯ ಸುಮಾರಿಗೆ ನಮ್ಮ ಸೀಮೆಯಲ್ಲಿ ಸೊಗಡು ಅವರೆಯ ಕಾಲ. ಮನೆ ಮನೆಯಲ್ಲೂ ಅವರೆ, ಮಾತು ಮಾತಿಗೂ ನಗು. ಅವರೆ, ಹುರುಳಿ, ಕಡಲೆಗಳಲ್ಲಿ ರ‍್ಯಾಫಿನೋಸ್, ಸ್ಟ್ಯಾಕಿಯೋಸ್ ಎಂಬ ಸಕ್ಕರೆಗಳಿವೆ. ಇವನ್ನು ಒಡೆಯುವ ಕಿಣ್ವವೂ ನಮ್ಮಲ್ಲಿಲ್ಲ. ನೇರವಾಗಿ ದೊಡ್ಡ ಕರುಳಿಗೆ ಹೋಗಿ ಬಲುಬೇಗ ಹುದುಗುತ್ತವೆ. ಜಲಜನಕ, ಇಂಗಾಲದ ಡೈಆಕ್ಸೈಡ್, ಕೆಲವರಲ್ಲಿ ಮೀಥೇನ್ ಕೂಡ ಹುಟ್ಟುತ್ತದೆ. ಇದು ರೋಗವಲ್ಲ, ಒಲೆ ಉರಿಯುತ್ತಿರುವುದಕ್ಕೆ ಹೊಗೆಯ ಸಾಕ್ಷಿ. ಒಣ ಕಾಳನ್ನು ರಾತ್ರಿ ನೆನೆಹಾಕಿ ಆ ನೀರನ್ನು ಚೆಲ್ಲುವ, ಹುರುಳಿಯನ್ನು ಮೊಳಕೆ ಕಟ್ಟುವ ಅಜ್ಜಿಯರ ಕ್ರಮದಿಂದ ಈ ಸಕ್ಕರೆಗಳು ಗಣನೀಯವಾಗಿ ಕಡಿಮೆಯಾಗುತ್ತವೆ. ಅಭ್ಯಾಸವಿಲ್ಲದವರು ಒಮ್ಮೆಲೇ ಹೆಚ್ಚು ನಾರು ತಿಂದರೆ ಹೊಟ್ಟೆ ಉಬ್ಬರಿಸುವುದು ಸಹಜ. ಹೊಸ ಮೇವಿಗೆ ದನವನ್ನು ಹೇಗೆ ಮೆಲ್ಲಗೆ ಹೊಂದಿಸುತ್ತೀರೋ ಹಾಗೆ ನಿಮ್ಮನ್ನೂ ಹೊಂದಿಸಿಕೊಳ್ಳಿ, ನೀರನ್ನೂ ಸಾಕಷ್ಟು ಕುಡಿಯಿರಿ.

ತಂಗಳ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಬೇಯಿಸಿದ ಅನ್ನ, ಮುದ್ದೆಗಳು ತಣ್ಣಗಾದಾಗ ಅವುಗಳ ಪಿಷ್ಟದ ಒಂದಂಶ ಮತ್ತೆ ಬಿಗಿಯಾಗಿ ಹೆಣೆದುಕೊಂಡು, ನಮ್ಮ ಕಿಣ್ವಕ್ಕೆ ಜಗ್ಗದ ಪಿಷ್ಟವಾಗುತ್ತದೆ. ಅದು ನಾರಿನಂತೆಯೇ ದೊಡ್ಡ ಕರುಳಿಗೆ ಹೋಗಿ ಹುದುಗುತ್ತದೆ. ತಂಗಳು ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿಕೊಂಡು ಹೊಲಕ್ಕೆ ಹೋದವರು ತಮಗರಿವಿಲ್ಲದೆ ಈ ಜೀವಿಗಳಿಗೂ ಬುತ್ತಿ ಕಟ್ಟಿದ್ದರು. ಹಾಗೆಂದು ಉತ್ಪ್ರೇಕ್ಷೆ ಬೇಡ. ರಾಗಿ ತಿಂದರೆ ಸಕ್ಕರೆ ಕಾಯಿಲೆಯೇ ಬಾರದು ಎಂದು ಕೆಲವರು ವೇದಿಕೆಗಳಲ್ಲಿ ಹೇಳುತ್ತಾರೆ. ನುಣ್ಣಗೆ ಬೀಸಿದ ಹಿಟ್ಟಿನ ಬಿಸಿ ಮುದ್ದೆ ರಕ್ತದಲ್ಲಿ ಬೇಗನೆ ಸಕ್ಕರೆಯನ್ನು ಏರಿಸಬಲ್ಲದು. ಜೊತೆಗೆ ಕಾಳು ಸೊಪ್ಪು ಎಷ್ಟಿದೆ, ಮುದ್ದೆ ಎಷ್ಟು ದೊಡ್ಡದು ಎಂಬುದನ್ನು ನೋಡಬೇಕು. ಧಾನ್ಯವನ್ನು ದೇವರು ಮಾಡಿ ಕೂರಿಸುವುದರಿಂದ ಧಾನ್ಯಕ್ಕೂ ಲಾಭವಿಲ್ಲ, ನಮಗೂ ಲಾಭವಿಲ್ಲ.

ಈ ನಾರಿನ ಮಹತ್ವವನ್ನು ಪಶ್ಚಿಮದ ವೈದ್ಯರು ಕಂಡುಕೊಂಡದ್ದು ನಮ್ಮಂಥ ಹಳ್ಳಿಗರಿಂದಲೇ. ಐರ್ಲೆಂಡಿನ ಡೆನಿಸ್ ಬರ್ಕಿಟ್ ಎಂಬ ಶಸ್ತ್ರವೈದ್ಯರು ಆಫ್ರಿಕಾದ ಉಗಾಂಡದಲ್ಲಿ ಬಹಳ ಕಾಲ ಕೆಲಸ ಮಾಡಿದ್ದರು. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ತುಂಬಿದ್ದ ದೊಡ್ಡ ಕರುಳಿನ ಕಾಯಿಲೆಗಳು ಆಫ್ರಿಕಾದ ಹಳ್ಳಿಗರಲ್ಲಿ ಅಪರೂಪವಾಗಿದ್ದುದು ಅವರಿಗೆ ಕಂಡಿತು. ಬರ್ಕಿಟ್ ಮತ್ತು ಸಂಗಡಿಗರು ಮಾಡಿದ ಕೆಲಸವನ್ನು ಕೇಳಿದರೆ ನಮ್ಮ ಜಾತ್ರೆಯ ಹಿರಿಯರು ಮೆಚ್ಚಿಯಾರು: ಜನರ ಮಲದ ತೂಕವನ್ನೂ, ಊಟ ದೇಹವನ್ನು ದಾಟಲು ಹಿಡಿಯುವ ಕಾಲವನ್ನೂ ಅಳೆದು 1972ರಲ್ಲಿ ಪ್ರಕಟಿಸಿದರು. ನಾರು ತಿನ್ನುವ ಹಳ್ಳಿಗರಲ್ಲಿ ತೂಕ ಹೆಚ್ಚು, ಕಾಲ ಕಡಿಮೆ. ಬರ್ಕಿಟ್ ಹೇಳಿದ್ದೆಲ್ಲವೂ ಮುಂದೆ ನಿಲ್ಲಲಿಲ್ಲ, ಆದರೆ ಅವರು ತೋರಿಸಿದ ದಿಕ್ಕು ಸರಿಯಾಗಿತ್ತು. 2015ರಲ್ಲಿ ಓಕೀಫ್ ಎಂಬ ವೈದ್ಯರ ತಂಡ ಇನ್ನೂ ನೇರವಾದ ಪ್ರಯೋಗ ಮಾಡಿತು. ಅಮೆರಿಕದ ಪಿಟ್ಸ್‌ಬರ್ಗ್ ನಗರದ ಇಪ್ಪತ್ತು ಕರಿಯ ಜನರಿಗೆ ಎರಡು ವಾರ ದಕ್ಷಿಣ ಆಫ್ರಿಕಾದ ಹಳ್ಳಿಯ ಊಟ. ಅಲ್ಲಿಯ ಇಪ್ಪತ್ತು ಹಳ್ಳಿಗರಿಗೆ ಅಮೆರಿಕದ ಊಟ. ನಗರದವರ ನಾರು ದಿನಕ್ಕೆ 14 ಗ್ರಾಂನಿಂದ 55ಕ್ಕೆ ಏರಿತು. ಹಳ್ಳಿಗರದು 66ರಿಂದ 12ಕ್ಕೆ ಇಳಿಯಿತು. ಹದಿನಾಲ್ಕೇ ದಿನಗಳಲ್ಲಿ ನಗರದವರ ಕರುಳಿನ ಉರಿಯೂತ ತಗ್ಗಿ ಬ್ಯುಟಿರಿಕ್ ಆಮ್ಲ ಹೆಚ್ಚಿತು. ಹಳ್ಳಿಗರಲ್ಲಿ ಕ್ಯಾನ್ಸರಿನ ಅಪಾಯವನ್ನು ಸೂಚಿಸುವ ಗುರುತುಗಳು ಕೆಟ್ಟ ಕಡೆಗೆ ತಿರುಗಿದವು. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕೆಂದು ಹೇಳಿದೆ, ಅದೂ ಆಹಾರದಲ್ಲಿ ಸಹಜವಾಗಿಯೇ ಇರುವ ನಾರು.

ಈಗ ನಮ್ಮ ನಾಲ್ಕು ತಾಲ್ಲೂಕುಗಳಿಗೆ ಬರೋಣ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಕೆಂಪು ಮಣ್ಣಿನ ಮಳೆಯಾಶ್ರಿತ ಹೊಲಗಳಲ್ಲಿ ರಾಗಿಯ ನಡುವೆ ಅಕ್ಕಡಿ ಸಾಲು ಹಾಕುತ್ತಿದ್ದರು. ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಜೋಳ ಒಂದೇ ಹೊಲದಲ್ಲಿ. ಬದುವಿನಲ್ಲಿ ಅಣ್ಣೆ, ಗಣಿಕೆ, ಹೊನಗೊನೆ, ಕಿರೆ. ಇವೆಲ್ಲ ಸೇರಿದರೆ ಬೆರಕೆ ಸೊಪ್ಪು. ಬೆರಕೆ ಸೊಪ್ಪಿನ ಒಂದು ಮಸ್ಸೊಪ್ಪಿನಲ್ಲಿ ಎಷ್ಟು ಬಗೆಯ ನಾರು! ಒಂದೊಂದು ನಾರಿಗೂ ಒಂದೊಂದು ಬ್ಯಾಕ್ಟೀರಿಯಾ ಗಿರಾಕಿ. ಕಳೆದ ಕೆಲವು ದಶಕಗಳಲ್ಲಿ ಆ ಹೊಲಗಳಿಗೆ ವರ್ಜೀನಿಯಾ ಹೊಗೆಸೊಪ್ಪು ಬಂತು. ಹರಾಜು ಮಾರುಕಟ್ಟೆ ಬಂತು, ಕೈಗೆ ನಗದು ಬಂತು. ರೈತನನ್ನು ನಾನು ದೂರುವುದಿಲ್ಲ. ಮಗಳ ಮದುವೆಗೆ, ಮಗನ ಓದಿಗೆ ಹಣ ಕೊಟ್ಟ ಬೆಳೆ ಅದು. ಆದರೆ ಹೊಗೆಸೊಪ್ಪಿನ ಸಾಲಿನಲ್ಲಿ ಅವರೆ ಬೆಳೆಯುವುದಿಲ್ಲ. ಬ್ಯಾರನ್ನಿನ ಒಲೆಗೆ ಹೋದ ಮರಗಳ ಲೆಕ್ಕವನ್ನು ನೀವೆಲ್ಲ ಬಲ್ಲಿರಿ. ಇತ್ತ ಕೃಷ್ಣರಾಜನಗರದ ಕಡೆ ಕಾವೇರಿಯ ಕಾಲುವೆಗಳಿಂದ ಭತ್ತ, ಕಬ್ಬು. ಭತ್ತದ ಕಣಜ ಎಂಬ ಹೆಸರು ಬಂತು. ಕಬ್ಬನ್ನು ಅರೆದಾಗ ಸಿಪ್ಪೆಯ ನಾರು ಕಾರ್ಖಾನೆಯ ಬಾಯ್ಲರಿಗೆ, ಸಕ್ಕರೆ ನಮ್ಮ ಕಾಫಿಗೆ. ಸಕ್ಕರೆ ಸಣ್ಣ ಕರುಳಿನಲ್ಲಿಯೇ ಮುಗಿದುಹೋಗುತ್ತದೆ. ಕೆಳಗಿನ ಮನೆಯವರಿಗೆ ಅದರಲ್ಲಿ ಪಾಲಿಲ್ಲ.

ರಾಗಿ ಹಿಮ್ಮೆಟ್ಟಿದ್ದು ಇಳುವರಿ ಇಲ್ಲದ್ದರಿಂದ ಎಂದು ಹೇಳುವುದು ಸರಿಯಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ಲಕ್ಷ್ಮಣಯ್ಯನವರು, ರೈತರ ಬಾಯಲ್ಲಿ 'ರಾಗಿ ಲಕ್ಷ್ಮಣಯ್ಯ', ನಮ್ಮ ತಳಿಗಳನ್ನು ಆಫ್ರಿಕಾದ ತಳಿಗಳೊಂದಿಗೆ ಕೂಡಿಸಿ ಇಂಡಾಫ್ ರಾಗಿಗಳನ್ನು ಕೊಟ್ಟು ಇಳುವರಿಯನ್ನು ಬಹಳ ಮೇಲಕ್ಕೆ ಒಯ್ದಿದ್ದರು. ರಾಗಿ ಸೋತದ್ದು ಮಾರುಕಟ್ಟೆಯಲ್ಲಿ ಮತ್ತು ಮರ್ಯಾದೆಯಲ್ಲಿ. ಮನೆಗೆ ನೆಂಟರು ಬಂದರೆ ಮುದ್ದೆ ಬಡಿಸಲು ಹಿಂಜರಿಯುವ ಕಾಲ ಬಂದಿತ್ತು. 2013ರಲ್ಲಿ ಅನ್ನಭಾಗ್ಯ ಬಂದಾಗ ಬಡವರ ಹಸಿವು ನೀಗಿತು, ಅದನ್ನು ಹಳಿಯುವ ಹಕ್ಕು ಹೊಟ್ಟೆ ತುಂಬಿದವರಿಗಿಲ್ಲ. ತಟ್ಟೆಯಲ್ಲಿ ಬಿಳಿ ಅನ್ನವೊಂದೇ ಉಳಿದರೆ ಏನಾಗುತ್ತದೆ ಎಂಬುದಷ್ಟೇ ನನ್ನ ಪ್ರಶ್ನೆ.

ಈ ಪ್ರಶ್ನೆ ಎಲ್ಲರಿಗಿಂತ ಹೆಚ್ಚಾಗಿ ಕಾಡಂಚಿನ ಹಾಡಿಗಳಿಗೆ ಸೇರಿದ್ದು. ಈ ಊರಿನ ಹೆಸರೇ ಚುಂಚ, ಚುಂಚಿ ಎಂಬ ಕಾಡಿನ ದಂಪತಿಗಳಿಂದ ಬಂದುದೆಂದು ಜನ ಹೇಳುತ್ತಾರೆ. ವನವಾಸದ ರಾಮ ಸೀತೆಯರಿಗೆ ಅವರು ಆತಿಥ್ಯ ನೀಡಿದರಂತೆ. ಬಡಿಸಿದ್ದು ಪಾಲಿಷ್ ಅಕ್ಕಿಯ ಅನ್ನವಲ್ಲ ಎಂದು ಮಾತ್ರ ಧೈರ್ಯವಾಗಿ ಹೇಳಬಹುದು. ನಾಗರಹೊಳೆಯ ಜೇನುಕುರುಬರು, ಬೆಟ್ಟಕುರುಬರು, ಯರವರು ಕಾಡುಗೆಣಸು ಅಗೆದು, ಕಳಲೆ ಮುರಿದು, ಸೊಪ್ಪು ಹಣ್ಣು ಆಯ್ದು ಬದುಕಿದವರು. ಉದ್ಯಾನಕ್ಕಾಗಿ, ಜಲಾಶಯಕ್ಕಾಗಿ ಅವರನ್ನು ಹೊರಗೆ ತಂದ ಕಥೆ ಇಲ್ಲಿ ಯಾರಿಗೂ ಹೊಸದಲ್ಲ. ಹೈಕೋರ್ಟಿನ ಆದೇಶದಂತೆ ರಚನೆಯಾದ ಪ್ರೊ. ಮುಜಫರ್ ಅಸಾದಿಯವರ ಸಮಿತಿ 2014ರಲ್ಲಿ ಕೊಟ್ಟ ವರದಿ 3,418 ಕುಟುಂಬಗಳು ನೆಲೆ ಕಳೆದುಕೊಂಡವೆಂದು ಗುರುತಿಸಿತು. ಮನೆ, ಭೂಮಿ, ಪರಿಹಾರಗಳ ಲೆಕ್ಕ ಆ ಚರ್ಚೆಗಳಲ್ಲಿ ಬಂತು. ಊಟದ ಲೆಕ್ಕ ಬರಲಿಲ್ಲ. ಕರುಳಿನ ಲೆಕ್ಕವಂತೂ ಯಾರ ಮನಸ್ಸಿಗೂ ಹೊಳೆಯಲಿಲ್ಲ.

ನೆಲೆ ಬದಲಾದರೆ ಕರುಳು ಬದಲಾಗುತ್ತದೆಯೇ? ಆಗ್ನೇಯ ಏಷ್ಯಾದ ಗುಡ್ಡಗಾಡಿನ ಹ್ಮಾಂಗ್ ಮತ್ತು ಕರೆನ್ ಜನ ಥಾಯ್ಲೆಂಡಿನಿಂದ ಅಮೆರಿಕಕ್ಕೆ ವಲಸೆ ಹೋದುದನ್ನು ಮಿನ್ನೆಸೋಟ ವಿಶ್ವವಿದ್ಯಾನಿಲಯದವರು ಅಧ್ಯಯನ ಮಾಡಿ 2018ರಲ್ಲಿ ಪ್ರಕಟಿಸಿದರು. ಹೋದ ಕೆಲವೇ ತಿಂಗಳುಗಳಲ್ಲಿ ಅವರ ಕರುಳಿನ ಬ್ಯಾಕ್ಟೀರಿಯಾಗಳ ವೈವಿಧ್ಯ ಕುಗ್ಗತೊಡಗಿತ್ತು, ಸಸ್ಯದ ನಾರನ್ನು ಒಡೆಯುವ ಕಿಣ್ವಗಳು ಮಾಯವಾಗತೊಡಗಿದ್ದವು. ಅಲ್ಲಿಯೇ ಹುಟ್ಟಿದ ಮಕ್ಕಳಲ್ಲಿ ಆ ನಷ್ಟ ಇನ್ನೂ ಹೆಚ್ಚು. ಇದಕ್ಕೆ ತದ್ವಿರುದ್ಧ ಚಿತ್ರ ತಾಂಜಾನಿಯದ ಹಾಡ್ಜಾ ಜನರದು. ಗೆಡ್ಡೆ ಅಗೆದು, ಜೇನು ಕಿತ್ತು, ಬೇಟೆಯಾಡಿ ಬದುಕುವ ಅವರಿಗೂ ನಮ್ಮ ಜೇನುಕುರುಬರ ಹಳೆಯ ಬದುಕಿಗೂ ಹೋಲಿಕೆ ನಿಮಗೇ ಕಾಣುತ್ತದೆ. 2023ರ ಒಂದು ಅಧ್ಯಯನದಲ್ಲಿ ಒಬ್ಬ ಹಾಡ್ಜಾ ವ್ಯಕ್ತಿಯ ಕರುಳಿನಲ್ಲಿ ಸರಾಸರಿ 730 ಜಾತಿಯ ಸೂಕ್ಷ್ಮಜೀವಿಗಳು ಸಿಕ್ಕವು. ಕ್ಯಾಲಿಫೋರ್ನಿಯದ ನಗರವಾಸಿಯಲ್ಲಿ 277.

ಜಾತ್ರೆಗೆ ಬಂದಿರುವ ದನಗಳೂ ಈ ಕಥೆಯೊಳಗೆ ಇವೆ. ಇಸ್ರೇಲಿನ ಬೆನ್ ಗುರಿಯನ್ ವಿಶ್ವವಿದ್ಯಾನಿಲಯದ ಇಟ್ಜಾಕ್ ಮಿಜ್ರಾಹಿ ಮತ್ತು ಸಂಗಡಿಗರು 2024ರಲ್ಲಿ ಮನುಷ್ಯರ ಕರುಳಿನಲ್ಲಿ ಸೆಲ್ಯುಲೋಸನ್ನೇ ಒಡೆಯಬಲ್ಲ ಕೆಲವು ರೂಮಿನೋಕಾಕಸ್ ಜಾತಿಗಳನ್ನು ಗುರುತಿಸಿದರು. ಅವುಗಳಲ್ಲಿ ಕೆಲವು ಮೂಲತಃ ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯವು. ಬಹುಶಃ ಮನುಷ್ಯ ದನಗಳನ್ನು ಪಳಗಿಸಿದ ಕಾಲದಲ್ಲಿ ನಮ್ಮೊಳಗೆ ಬಂದು ನೆಲೆಸಿರಬಹುದು ಎಂಬುದು ಅವರ ಅಭಿಪ್ರಾಯ. ಕೊಟ್ಟಿಗೆ ಮತ್ತು ಮನೆ ಒಂದೇ ಸೂರಿನಡಿ ಇದ್ದ ನಮ್ಮ ಹಳೆಯ ತೊಟ್ಟಿಮನೆಗಳನ್ನು ನೆನೆದರೆ ಇದು ಅಚ್ಚರಿಯಲ್ಲ. ಪ್ರಾಚೀನ ಮನುಷ್ಯರ ಮಲದ ಪಳೆಯುಳಿಕೆಗಳಲ್ಲಿ, ಬೇಟೆ ಸಂಗ್ರಹಣೆಯ ಜನರಲ್ಲಿ, ಹಳ್ಳಿಗರಲ್ಲಿ ಈ ಜೀವಿಗಳು ಸಿಗುತ್ತವೆ. ಕೈಗಾರಿಕಾ ನಗರಗಳ ಜನರಲ್ಲಿ ಅಪರೂಪ. ಜಪಾನಿಯರಲ್ಲಿಯೂ ಇಂಥದೇ ಒಂದು ಸಂಗತಿ 2010ರಲ್ಲಿ ಬೆಳಕಿಗೆ ಬಂದಿತ್ತು: ಕಡಲಪಾಚಿಯನ್ನು ತಿನ್ನುತ್ತ ಬಂದ ಅವರ ಕರುಳಿನ ಬ್ಯಾಕ್ಟೀರಿಯಾ, ಆ ಪಾಚಿಯ ಮೇಲೆ ಬದುಕುವ ಕಡಲ ಬ್ಯಾಕ್ಟೀರಿಯಾದಿಂದ ಪಾಚಿ ಒಡೆಯುವ ಕಿಣ್ವದ ವಂಶವಾಹಿಯನ್ನೇ ಎರವಲು ಪಡೆದಿದೆ. ಅವರವರ ನೆಲ, ನೀರು ಅವರವರ ಕರುಳನ್ನು ಕಟ್ಟುತ್ತದೆ.

ಹೋದವು ಮರಳಿ ಬರುತ್ತವೆಯೇ ಎಂಬುದು ಇಲ್ಲಿರುವ ವಿದ್ಯಾರ್ಥಿಗಳು ಕೇಳಬೇಕಾದ ಪ್ರಶ್ನೆ. ಉತ್ತರ ಎರಡು ಬಗೆ. ಹಾಡ್ಜಾ ಜನರಲ್ಲಿ ಜೇನು ಹಣ್ಣುಗಳ ಮಳೆಗಾಲದಲ್ಲಿ ಕೆಲವು ಜಾತಿಗಳು ಕಾಣದಾಗಿ, ಒಣ ಋತುವಿನಲ್ಲಿ ಮತ್ತೆ ಹೆಚ್ಚುತ್ತವೆ, ಹಳ್ಳದ ಮೀನುಗಳಂತೆ. ಇದು 2017ರಲ್ಲಿ ಕಂಡದ್ದು. ಅದಕ್ಕೂ ಮುನ್ನ, 2016ರಲ್ಲಿ, ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಸೋನೆನ್‌ಬರ್ಗ್ ದಂಪತಿಗಳ ತಂಡ ಮನುಷ್ಯರ ಬ್ಯಾಕ್ಟೀರಿಯಾಗಳನ್ನು ಇಲಿಗಳಲ್ಲಿ ನೆಲೆಗೊಳಿಸಿ, ಅವಕ್ಕೆ ತಲೆಮಾರುಗಳ ಕಾಲ ನಾರು ಕಡಿಮೆಯಿರುವ ಆಹಾರ ಕೊಟ್ಟಿತ್ತು. ಮೊದಲ ತಲೆಮಾರಿನಲ್ಲಿ ಕುಗ್ಗಿದ ಜಾತಿಗಳು ನಾರು ಕೊಟ್ಟಾಗ ಬಹುಮಟ್ಟಿಗೆ ಮರಳಿದವು. ನಾಲ್ಕನೆಯ ತಲೆಮಾರಿನ ಹೊತ್ತಿಗೆ ಅನೇಕ ಜಾತಿಗಳು ಪೂರ್ಣ ಅಳಿದಿದ್ದವು, ನಾರು ಕೊಟ್ಟರೂ ಮರಳಲಿಲ್ಲ. ತಾಯಿಯಲ್ಲಿ ಕುಗ್ಗಿದ್ದು ಮರಿಗೆ ದಾಟದೆ ಹೋಯಿತು. ಇಲಿಗಳಲ್ಲಿ ಕಂಡದ್ದೆಲ್ಲ ಮನುಷ್ಯರಲ್ಲಿಯೂ ಹಾಗೆಯೇ ಆಗಬೇಕೆಂದಿಲ್ಲ. ಆದರೆ ತಲೆಮಾರಿನ ಲೆಕ್ಕ ಹಾಕಿ ನೋಡಿ. ಬೆರಕೆ ಸೊಪ್ಪು, ಅಕ್ಕಡಿ ಅವರೆ ಉಂಡ ಅಜ್ಜಿ ಇನ್ನೂ ನಮ್ಮ ಮನೆಗಳಲ್ಲಿದ್ದಾಳೆ. ಪೊಟ್ಟಣದ ಕುರುಕಲು ತಿನ್ನುವ ಮೊಮ್ಮಗ ಅವಳ ತೊಡೆಯ ಮೇಲೆ ಕುಳಿತಿದ್ದಾನೆ.

ಕಾಡುಗೆಣಸಿಗೆ ಕಾನೂನಿನ ಬೆಂಬಲ ಇದೆ ಎಂಬುದನ್ನು ಹಾಡಿಯವರು ಮರೆಯಬಾರದು. 2006ರ ಅರಣ್ಯ ಹಕ್ಕುಗಳ ಕಾಯ್ದೆ ಕಿರು ಅರಣ್ಯ ಉತ್ಪನ್ನ ಎಂದರೆ ಏನೆಂದು ಹೇಳುವಾಗ ಬಿದಿರು, ಜೇನುಗಳ ಜೊತೆಗೆ ಬೇರು, ಗೆಡ್ಡೆಗಳನ್ನೂ ಹೆಸರಿಸಿದೆ. ಅವನ್ನು ಸಾಂಪ್ರದಾಯಿಕವಾಗಿ ಆಯುತ್ತ ಬಂದವರಿಗೆ ಸಂಗ್ರಹಿಸುವ ಹಕ್ಕಿದೆ. ಗ್ರಾಮಸಭೆಯಲ್ಲಿ ಅರ್ಜಿ ಬರೆಯುವಾಗ ಮನೆ, ಜಮೀನಿನ ಸಾಲಿನ ಕೆಳಗೆ ಗೆಣಸಿನ ಸಾಲನ್ನೂ ಬರೆಯಿರಿ.

ಉಪನ್ಯಾಸದ ಕೊನೆಗೆ ಬೆಳಗಿನ ಆ ಹಿರಿಯರೇ ಎದ್ದು ನಿಂತು, "ಹಂಗಾದ್ರೆ ನಾವೂ ಹುಲ್ಲು ತಿನ್ನಬೇಕಾ ಸ್ವಾಮಿ?" ಎಂದು ಕೇಳಿದರು. ಸಭೆಯೆಲ್ಲ ನಕ್ಕಿತು. ಇಲ್ಲ ಯಜಮಾನರೇ ಎಂದೆ. ಒಣಹುಲ್ಲಿನ ನಾರಿಗೆ ಲಿಗ್ನಿನ್ ಎಂಬ ಗಟ್ಟಿ ವಸ್ತು ಮೆತ್ತಿಕೊಂಡಿರುತ್ತದೆ. ಎರಡೆರಡು ಬಾರಿ ಅಗಿಯುವ ಎತ್ತಿಗೇ ಅದು ಕಷ್ಟ, ನಮ್ಮ ಗುಡಾಣಕ್ಕೆ ಅದು ಆಗದ ಮಾತು. ಆದರೆ ನಿಮ್ಮ ಮನೆಯಲ್ಲಿ ಹಬ್ಬಕ್ಕೆ ಅವರೆಕಾಳನ್ನು ಹಿತಕಿ, ಬೇಳೆಯನ್ನು ಸಾರಿಗೆ ಹಾಕಿ, ಸಿಪ್ಪೆಯನ್ನು ಎತ್ತಿನ ಬಾನಿಗೆ ಸುರಿಯುತ್ತೀರಿ. ಹಬ್ಬದ ದಿನ ಹಾಗೆಯೇ ನಡೆಯಲಿ. ಉಳಿದ ದಿನಗಳಲ್ಲಿ ಸಿಪ್ಪೆ ಸಹಿತವಾಗಿ ಬೇಯಿಸಿ, ಎತ್ತಿಗೆ ಬೇರೆ ಮೇವಿದೆ ಎಂದೆ. ಅವರು ಒಪ್ಪಿದಂತೆ ಕಾಣಲಿಲ್ಲ. ಹಿತಕಿದ ಬೇಳೆಯ ರುಚಿಯೇ ಬೇರೆ ಎಂದು ಪಕ್ಕದವರಿಗೆ ಹೇಳುತ್ತ ಕುಳಿತರು. ಅದೂ ನಿಜವೇ.